ಒಂದು ಬಿತ್ತು! ಈಗ ಏನು ಹೇಳ್ತೀರಿ?

ಇಪ್ಪತ್ತು ಮುಖದ ದಾಳ ಮೇಜಿನ ಮೇಲೆ ಉರುಳುತ್ತಾ ಹೋಗಿ, ಬಿಸ್ಕತ್ತಿನ ತಟ್ಟೆಗೆ ಬಡಿದು, ಒಂದನ್ನು ಮೇಲೆ ಮಾಡಿಕೊಂಡು ನಿಲ್ಲುತ್ತದೆ. ಆಟಗಾರ ತಲೆ ಚಚ್ಚಿಕೊಳ್ಳುತ್ತಾನೆ, ಪಕ್ಕದವಳು ಕಿಸಕ್ಕನೆ ನಗುತ್ತಾಳೆ, ಎಲ್ಲರ ಕಣ್ಣೂ ಆಟ ನಡೆಸುವವನ ಕಡೆ ತಿರುಗುತ್ತದೆ. ಎರಡು ಮೂರು ಸೆಕೆಂಡಿನೊಳಗೆ ಅವನು ಏನಾದರೂ ಹೇಳಬೇಕು. ಹೆಚ್ಚಿನವರ ಬಾಯಿಗೆ ಮೊದಲು ಬರುವುದು ಒಂದೇ ಮಾತು: "ನಿನ್ನ ಕತ್ತಿ ಕೈಜಾರಿ ಹಾರಿಹೋಗಿ ಗೆಳೆಯನ ತೊಡೆಗೆ ಚುಚ್ಚಿಕೊಳ್ತು." ಮೊದಲ ಸಲ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಎರಡನೆಯ ಸಲ ತೊಡೆ ಚುಚ್ಚಿಸಿಕೊಂಡವನು ನಗುವುದಿಲ್ಲ. ಮೂರನೆಯ ಸಲ ಕತ್ತಿ ಹಿಡಿದವನೂ ನಗುವುದಿಲ್ಲ.

ಆ ಎರಡು ಮೂರು ಸೆಕೆಂಡುಗಳನ್ನು ಹೇಗೆ ಬಳಸಿಕೊಳ್ಳಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ. ಮೇಜಿನ ಸುತ್ತ ಕೂತು ಆಡುವ ಪಾತ್ರಾಭಿನಯದ ಆಟಗಳು ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ ಹೇಳುತ್ತೇನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' (ಚಿಕ್ಕದಾಗಿ ಡಿ ಅಂಡ್ ಡಿ) ಪ್ರಕಟವಾಯಿತು. ಇಂಥ ಆಟಗಳ ಮೂಲಪುರುಷ ಅದೇ. ನಾಲ್ಕೈದು ಜನ ತಲಾ ಒಂದು ಪಾತ್ರ ವಹಿಸಿಕೊಳ್ಳುತ್ತಾರೆ. ಉಳಿದ ಲೋಕವನ್ನೆಲ್ಲ, ಅಂದರೆ ಕಾವಲುಗಾರ, ರಾಕ್ಷಸ, ಮಳೆ, ಹೋಟೆಲಿನವನು ಎಲ್ಲವನ್ನೂ, ಗೇಮ್ ಮಾಸ್ಟರ್ ನೋಡಿಕೊಳ್ಳುತ್ತಾನೆ. ಪಗಡೆಯಲ್ಲಿ ದಾಳ ಕಾಯಿಯನ್ನು ನಡೆಸುತ್ತದೆ. ಇಲ್ಲಿ ದಾಳ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಗೋಡೆ ಹತ್ತಲು ಆಯಿತೇ? ಬಾಣ ತಗುಲಿತೇ? ಕಾವಲಿನವನು ಸುಳ್ಳನ್ನು ನಂಬಿದನೇ? ಬಿದ್ದ ಸಂಖ್ಯೆಗೆ ಪಾತ್ರದ ಕೌಶಲವನ್ನು ಕೂಡಿಸಿ, ಗೇಮ್ ಮಾಸ್ಟರ್ ಮನಸ್ಸಿನಲ್ಲಿಟ್ಟುಕೊಂಡ ಗುರಿಯನ್ನು ಮುಟ್ಟಿದರೆ ಗೆಲುವು. ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾದವನು ಮನುಷ್ಯ, ದಾಳವಲ್ಲ.

ನಿಯಮ ಹೇಳುವುದೇ ಬೇರೆ

ಮೊದಲು ಒಂದು ಭ್ರಮೆ ಕಳೆಯಬೇಕು. ಒಂದು ಬಿದ್ದರೆ ಅನಾಹುತವೇ ಆಗಬೇಕು ಎಂದು ಡಿ ಅಂಡ್ ಡಿಯ ಐದನೆಯ ಆವೃತ್ತಿ ಎಲ್ಲೂ ಹೇಳುವುದಿಲ್ಲ. ಹೊಡೆತ ಹಾಕುವಾಗ ಒಂದು ಬಿದ್ದರೆ ಎಷ್ಟೇ ಕೌಶಲವಿದ್ದರೂ ಆ ಹೊಡೆತ ತಪ್ಪುತ್ತದೆ, ಅಲ್ಲಿಗೆ ಮುಗಿಯಿತು. ಸಾವಿನಂಚಿನಲ್ಲಿ ಬಿದ್ದಿರುವ ಪಾತ್ರ ಉಳಿಯುತ್ತದೋ ಇಲ್ಲವೋ ಎಂದು ಹಾಕುವ ದಾಳದಲ್ಲಿ ಮಾತ್ರ ಒಂದು ಬಿದ್ದರೆ ಅದು ಎರಡು ಸೋಲಿಗೆ ಸಮ. ಗೋಡೆ ಹತ್ತುವುದು, ಬೀಗ ತೆಗೆಯುವುದು, ಮಾತಿನಲ್ಲಿ ಒಲಿಸುವುದು ಇಂಥ ಪರೀಕ್ಷೆಗಳಲ್ಲಿ ಒಂದಕ್ಕೆ ವಿಶೇಷ ಅರ್ಥವೇನೂ ಇಲ್ಲ. ಅಡಗುವುದರಲ್ಲಿ ಒಂಬತ್ತರ ಕೌಶಲವಿರುವ ಕಳ್ಳನಿಗೆ ಒಂದು ಬಿದ್ದರೂ ಒಟ್ಟು ಹತ್ತಾಯಿತು. ಗುರಿ ಹತ್ತೇ ಇದ್ದರೆ ಅವನು ಗೆದ್ದ. 2014ರ ನಿಯಮಪುಸ್ತಕದ ಪ್ರಕಾರ ಹನ್ನೊಂದನೆಯ ಮಟ್ಟ ಮುಟ್ಟಿದ ಕಳ್ಳ, ತಾನು ಪಳಗಿದ ವಿದ್ಯೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಬೀಳದಿದ್ದರೆ ಅದನ್ನು ಹತ್ತೆಂದೇ ಎಣಿಸಿಕೊಳ್ಳಬಹುದು. ಹಾಫ್ಲಿಂಗ್ ಜಾತಿಯ ಕುಳ್ಳರಿಗಂತೂ ಒಂದು ಬಿದ್ದರೆ ಮತ್ತೆ ಹಾಕುವ ಹಕ್ಕು ಹುಟ್ಟಿನಿಂದಲೇ ಬಂದಿದೆ.

ಹಾಗಿದ್ದರೆ ಈ ಭ್ರಮೆ ಬಂದದ್ದೆಲ್ಲಿಂದ? ಈಚಿನವರಿಗೆ ಬಹುಶಃ 2023ರ 'ಬಾಲ್ಡರ್ಸ್ ಗೇಟ್ 3' ಕಂಪ್ಯೂಟರ್ ಆಟದಿಂದ. ಅದರಲ್ಲಿ ಯಾವ ಪರೀಕ್ಷೆಯಲ್ಲೇ ಆಗಲಿ ಒಂದು ಬಿದ್ದರೆ ಸೋಲು ಖಚಿತ, ಪರದೆಯ ಮೇಲೆ ಅದನ್ನು ಢಾಣಾಡಂಗುರವಾಗಿ ತೋರಿಸುತ್ತಾರೆ. ಹಳಬರಿಗೆ, ಯಾವ ಅವಘಡವಾಯಿತೆಂದು ಮತ್ತೆ ದಾಳ ಹಾಕಿ ನೋಡುವ ಕೋಷ್ಟಕಗಳ ಚಪಲ. 1978ರ 'ರೂನ್‌ಕ್ವೆಸ್ಟ್'ನಲ್ಲೇ ಎಡವಟ್ಟಿನ ಕೋಷ್ಟಕವಿತ್ತು. 1980ರಲ್ಲಿ ಬಂದ 'ಆರ್ಮ್ಸ್ ಲಾ' ಎಂಬ ಪುಸ್ತಕದ ಕೋಷ್ಟಕದಲ್ಲಿ, ಕಣ್ಣಿಗೆ ಕಾಣದ, ಕಾಲ್ಪನಿಕವಾದ, ಅದೂ ಸತ್ತುಹೋದ ಆಮೆಯೊಂದನ್ನು ಎಡವಿ ಬೀಳುವ ಫಲಿತಾಂಶವಿದೆ. ಇವತ್ತಿಗೂ ಹಳೆಯ ಆಟಗಾರರು ಅದನ್ನು ನೆನೆದು ನಗುತ್ತಾರೆ. ಗುಡ್‌ಮನ್ ಗೇಮ್ಸ್‌ನವರ 'ಡಂಜನ್ ಕ್ರಾಲ್ ಕ್ಲಾಸಿಕ್ಸ್' ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕವಚ ಭಾರವಾದಷ್ಟೂ ಎಡವಟ್ಟಿಗೆ ಹಾಕುವ ದಾಳ ದೊಡ್ಡದಾಗುತ್ತದೆ, ದಾಳ ದೊಡ್ಡದಾದಷ್ಟೂ ಅವಘಡವೂ ದೊಡ್ಡದು. ಕಬ್ಬಿಣ ಹೊತ್ತವನು ಬಿದ್ದರೆ ಜೋರಾಗಿ ಬೀಳಲಿ ಎಂಬ ತರ್ಕ ನನಗಂತೂ ಇಷ್ಟ.

ಆದರೆ ಡಿ ಅಂಡ್ ಡಿಗೆ ಇಂಥ ಕೋಷ್ಟಕ ತಂದು ಅಂಟಿಸುವ ಮೊದಲು ಸ್ವಲ್ಪ ಲೆಕ್ಕ ನೋಡಬೇಕು. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬೀಳುವ ಸಾಧ್ಯತೆ ಶೇಕಡಾ 5. ಯೋಧನಿಗೆ ಐದನೆಯ ಮಟ್ಟದಲ್ಲಿ ಒಂದೇ ಸರದಿಗೆ ಎರಡು ಹೊಡೆತ ಸಿಗುತ್ತವೆ. ಹನ್ನೊಂದರಲ್ಲಿ ಮೂರು, ಇಪ್ಪತ್ತರಲ್ಲಿ ನಾಲ್ಕು. ಅಂದರೆ ಒಂದು ಸರದಿಯಲ್ಲಿ ಕನಿಷ್ಠ ಒಂದು ಸಲವಾದರೂ ಒಂದು ಬೀಳುವ ಸಾಧ್ಯತೆ ಶೇಕಡಾ 5ರಿಂದ 9.75ಕ್ಕೆ, ಅಲ್ಲಿಂದ 14ಕ್ಕೆ, ಕೊನೆಗೆ 18ರ ಮೇಲಕ್ಕೆ ಏರುತ್ತದೆ. ಹೊಸದಾಗಿ ಕತ್ತಿ ಹಿಡಿದ ಹುಡುಗನಿಗಿಂತ ಲೋಕವಿಖ್ಯಾತ ವೀರನ ಕೈಯಿಂದ ಕತ್ತಿ ಜಾರುವುದೇ ಹೆಚ್ಚು ಎಂದಾಯಿತು! ಇತ್ತ ಮಂತ್ರವಾದಿ ಬೆಂಕಿಯುಂಡೆ ಎಸೆದರೆ ದಾಳ ಹಾಕಬೇಕಾದವರು ಶತ್ರುಗಳು, ಅವನಲ್ಲ. ಎಡವಟ್ಟಿನ ಕೋಷ್ಟಕ ಅವನ ಕೂದಲನ್ನೂ ಮುಟ್ಟುವುದಿಲ್ಲ. ನಿಮ್ಮ ಮೇಜಿನಲ್ಲಿ ಯೋಧನ ಪಾತ್ರ ವಹಿಸಿದವರು ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಕೂತಿದ್ದರೆ ಕಾರಣ ಇದೇ ಇರಬಹುದು. ಕೋಷ್ಟಕ ಬೇಕೇ ಬೇಕು ಅನ್ನುವವರು ಒಂದು ಸರದಿಯ ಮೊದಲ ಹೊಡೆತಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಲಿ; ಅನ್ಯಾಯ ಅಷ್ಟರಮಟ್ಟಿಗೆ ತಗ್ಗುತ್ತದೆ.

ಗೋಡೆ ಹತ್ತಿದ ಮಲ್ಲಿ

ಒಂದು ಪ್ರಸಂಗವನ್ನು ಬಿಡಿಸಿ ನೋಡೋಣ. ಮಲ್ಲಿ ಎಂಬುದು ಒಬ್ಬ ಆಟಗಾರ್ತಿಯ ಪಾತ್ರ, ಊರಿಗೇ ಹೆಸರಾದ ಕಳ್ಳಿ. ನಡುರಾತ್ರಿ ಸಾಹುಕಾರನ ಮನೆಯ ಗೋಡೆ ಹತ್ತಿ, ಮಹಡಿಯ ಕೋಣೆಯಲ್ಲಿರುವ ಲೆಕ್ಕದ ಪುಸ್ತಕ ಕದಿಯಬೇಕು. ದಾಳ ಉರುಳಿತು, ಒಂದು ಬಿತ್ತು. ಕೌಶಲ ಕೂಡಿಸಿದರೂ ಗುರಿ ಮುಟ್ಟಲಿಲ್ಲ.

"ಕಾಲು ಜಾರಿ ದೊಪ್ಪಂತ ಬಿದ್ದೆ. ಆರು ಪಾಯಿಂಟ್ ಪೆಟ್ಟು." ಹೀಗೆ ಹೇಳಿದರೆ ಒಂದು ನಗು ಬರುತ್ತದೆ, ನಿಜ. ಆಮೇಲೆ? ಮಲ್ಲಿ ಇದ್ದಲ್ಲೇ ಇದ್ದಾಳೆ, ಗೋಡೆಯೂ ಇದ್ದಲ್ಲೇ ಇದೆ. ಆಟಗಾರ್ತಿ ಕೇಳುವ ಮುಂದಿನ ಪ್ರಶ್ನೆ "ಮತ್ತೆ ಹಾಕ್ಲಾ?" ಎಂದೇ. ಜೊತೆಗೆ, ಊರಿಗೇ ಹೆಸರಾದ ಕಳ್ಳಿಗೆ ಗೋಡೆ ಹತ್ತಲು ಬಾರದು ಎಂದು ಎಲ್ಲರೆದುರು ಸಾರಿದಂತಾಯಿತು.

ಈಗ ಇನ್ನೊಂದು ಬಗೆ. "ಮಲ್ಲಿ, ನೀನು ಬೆಕ್ಕಿನ ಹಾಗೆ ಸದ್ದಿಲ್ಲದೆ ಅರ್ಧ ಹತ್ತಿದ್ದೀಯ. ಆದರೆ ಸಾಹುಕಾರ ಮಹಾ ಜಿಪುಣ. ಮಳೆನೀರಿನ ಕೊಳವೆಗೆ ನಾಲ್ಕು ಮೊಳೆ ಹೊಡೆಸೋ ಕಡೆ ಒಂದೇ ಹೊಡೆಸಿದ್ದಾನೆ. ಕೊಳವೆ ಗೋಡೆ ಬಿಟ್ಟು, ನಿನ್ನನ್ನೂ ಹೊತ್ತುಕೊಂಡು, ನಿಧಾನಕ್ಕೆ, ತುಂಬಾ ನಿಧಾನಕ್ಕೆ ವಾಲ್ತಾ ಹೋಗಿ ಪಕ್ಕದ ಕಿಟಕಿಯ ಮುಂದೆ ನಿಲ್ಲುತ್ತೆ. ಒಳಗೆ ದೀಪ ಉರೀತಿದೆ. ಸಾಹುಕಾರನ ತಾಯಿ, ನಿದ್ದೆ ಬಾರದ ಅಜ್ಜಿ, ಎಲೆಅಡಿಕೆ ಕುಟ್ಟುತ್ತಾ ಕೂತಿದ್ದಾಳೆ. ಕಣ್ಣು ಕಿರಿದು ಮಾಡಿ ನೋಡಿ ಕೇಳ್ತಾಳೆ: ಯಾರೇ ಅದು? ಇಷ್ಟು ಹೊತ್ತಿಗೇ ಹಾಲು ತಂದ್ಯಾ?"

ಇಲ್ಲೂ ಸೋಲೇ. ಲೆಕ್ಕದ ಪುಸ್ತಕದ ಕೋಣೆಗೆ ಮಲ್ಲಿ ತಲುಪಿಲ್ಲ, ಯಾರ ಕಣ್ಣಿಗೂ ಬೀಳಬಾರದಿದ್ದವಳು ಬಿದ್ದಿದ್ದಾಳೆ. ಆದರೆ ತಪ್ಪು ಮಲ್ಲಿಯದಲ್ಲ, ಸಾಹುಕಾರನ ಜಿಪುಣತನದ್ದು. ಆ ಜಿಪುಣತನ ಮುಂದೆಂದಾದರೂ ಕತೆಗೆ ಉಪಯೋಗಕ್ಕೆ ಬರುವ ಸಂಗತಿಯೂ ಹೌದು. ಅಜ್ಜಿ ಎಂಬ ಹೊಸ ಪಾತ್ರ ಹುಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, ಆಟಗಾರ್ತಿಯ ಮುಂದೆ ಈಗ ಆಯ್ಕೆಗಳಿವೆ: ಹಾಲಿನವಳಾಗುವುದೋ, ಹಾರಿ ಓಡುವುದೋ, ಅಜ್ಜಿಯ ಜೊತೆ ಎಲೆಅಡಿಕೆ ಹಾಕುತ್ತಾ ಕೂರುವುದೋ. ನನ್ನ ಅನುಭವದಲ್ಲಿ ಹತ್ತರಲ್ಲಿ ಒಂಬತ್ತು ಆಟಗಾರರು ಹಾಲಿನವರಾಗುತ್ತಾರೆ.

ಈ ಎರಡು ಬಗೆಗಳ ನಡುವಿನ ವ್ಯತ್ಯಾಸವೇ ನಾನು ಹೇಳಬೇಕೆಂದಿರುವುದರ ತಿರುಳು. ನಗು ಸೋತ ಸಂದರ್ಭದ್ದಾಗಬೇಕು, ಸೋತ ಪಾತ್ರದ್ದಾಗಬಾರದು. ಯಕ್ಷಗಾನದಲ್ಲಿ ರಾಜವೇಷಕ್ಕೆ ಯುದ್ಧದಲ್ಲಿ ಸೋಲಾಗಬಹುದು, ಎದುರಿನ ದೂತ ಅಡ್ಡಾದಿಡ್ಡಿ ಉತ್ತರ ಕೊಟ್ಟು ಅವನನ್ನು ಪೇಚಿಗೆ ಸಿಲುಕಿಸಬಹುದು. ಆದರೆ ಕಿರೀಟ ಕಳಚಿ ರಾಜನನ್ನೇ ಹಾಸ್ಯಗಾರ ಮಾಡಿಬಿಟ್ಟರೆ ಆ ರಾತ್ರಿಯ ಪ್ರಸಂಗ ಅಲ್ಲಿಗೇ ಕೆಡುತ್ತದೆ. ಆಟಗಾರನ ಪಾತ್ರವೂ ಆ ರಾಜವೇಷದ ಹಾಗೆ. ಹಾಸ್ಯಗಾರನ ಕೆಲಸಕ್ಕೆ ಕೊಳವೆ ಇದೆ, ಅಜ್ಜಿ ಇದ್ದಾಳೆ, ಕತ್ತೆ ಇದೆ, ಗಾಳಿ ಇದೆ.

ಹೊಡೆದಾಟ, ಮಾತು, ಜ್ಞಾನ

ಹೊಡೆದಾಟದಲ್ಲಿ ಒಂದು ಬಿದ್ದರೆ ಕೈ ಬಿಗಿಹಿಡಿಯಿರಿ. ಅಲ್ಲಿ ಹೊಡೆತ ತಪ್ಪುವುದೇ ದೊಡ್ಡ ಶಿಕ್ಷೆ. ಆಟಗಾರ ತನ್ನ ಸರದಿಗಾಗಿ ಹತ್ತು ನಿಮಿಷ ಕಾದು ಕೂತಿರುತ್ತಾನೆ. ಅದರ ಮೇಲೆ ಕತ್ತಿ ಮುರಿಯಿತು, ಸ್ನೇಹಿತನಿಗೆ ಪೆಟ್ಟಾಯಿತು ಎಂದು ಬರೆ ಎಳೆಯಬೇಡಿ. ವರ್ಣನೆಯಲ್ಲಿ ಮಾತ್ರ ತಮಾಷೆ ಇರಲಿ, ಲೆಕ್ಕದಲ್ಲಿ ಬೇಡ. "ನಿನ್ನ ಕೊಡಲಿ ಔತಣದ ಮೇಜನ್ನ ಸೀಳಿ ಮೂರು ಇಂಚು ಒಳಗೆ ಹೋಯ್ತು. ದೈತ್ಯ ಕೊಡಲಿ ನೋಡ್ತಾನೆ, ನಿನ್ನ ಮುಖ ನೋಡ್ತಾನೆ, ಊಟದ ತಟ್ಟೆಯನ್ನ ಸ್ವಲ್ಪ ಪಕ್ಕಕ್ಕೆ ಸರಿಸ್ಕೋತಾನೆ." ಕೊಡಲಿ ಮುಂದಿನ ಸರದಿಗೆ ಸಲೀಸಾಗಿ ಹೊರಬರುತ್ತದೆ ಎಂದೇ ಇಟ್ಟುಕೊಳ್ಳಿ. ಎದುರಾಳಿಗೆ ಚಾಕಚಕ್ಯತೆ ಕೊಟ್ಟರೂ ಆಯಿತು: ಹೊಡೆದವನು ದಡ್ಡನಾಗುವ ಬದಲು ತಪ್ಪಿಸಿಕೊಂಡವನು ಚತುರನಾಗುತ್ತಾನೆ.

ಕೆಲವೊಮ್ಮೆ ನಿರ್ಧಾರವನ್ನೇ ಆಟಗಾರನ ಕೈಗೆ ಒಪ್ಪಿಸಬಹುದು. "ತಪ್ಪಿತು ಅಂತ ಬಿಟ್ಟುಬಿಡೋಣವಾ? ಇಲ್ಲಾ, ತಗುಲುತ್ತೆ, ಆದರೆ ಈಟಿ ಅವನ ಗುರಾಣಿಯಲ್ಲಿ ಸಿಕ್ಕಿಹಾಕಿಕೊಂಡು ಇಬ್ಬರೂ ಒಂದೇ ಈಟಿ ಹಿಡ್ಕೊಂಡು ಜಗ್ಗಾಡ್ತೀರಾ?" ಬೆಲೆ ತೆತ್ತು ಗೆಲ್ಲುವ ಈ ವಿಧಾನ ಡಿ ಅಂಡ್ ಡಿಯ 2014ರ ಡಂಜನ್ ಮಾಸ್ಟರ್ ಪುಸ್ತಕದಲ್ಲೇ ಇದೆ. ಒಂದೆರಡು ಅಂಕದಿಂದ ಸೋತವರಿಗೆ ಅದನ್ನು ಕೊಡಬಹುದೆಂದು ಅಲ್ಲಿ ಸೂಚಿಸಿದ್ದಾರೆ. ಒಂದು ಬಿದ್ದಾಗಲೂ ಕೊಟ್ಟರೆ ಯಾರೂ ತಕರಾರು ತೆಗೆಯುವುದಿಲ್ಲ.

ಮಾತಿನ ಸೋಲಿನಲ್ಲಿ ಬಹಳ ಗೇಮ್ ಮಾಸ್ಟರ್‌ಗಳು ಮಾಡುವ ತಪ್ಪು ಒಂದಿದೆ. ಗಾಯಕನ ಪಾತ್ರದವನು ಸೊಗಸಾಗಿ ಎರಡು ನಿಮಿಷ ಮಾತಾಡಿ ಕಾವಲಿನವನನ್ನು ಒಲಿಸಲು ನೋಡುತ್ತಾನೆ, ದಾಳ ಕೈಕೊಡುತ್ತದೆ, ಗೇಮ್ ಮಾಸ್ಟರ್ "ನಿನ್ನ ಬಾಯಿಂದ ಅವನ ಅಮ್ಮನ ಬಗ್ಗೆ ಒಂದು ಕೆಟ್ಟ ಮಾತು ಬಂದುಬಿಡ್ತು" ಅನ್ನುತ್ತಾನೆ. ಆಟಗಾರನ ಕೈಯಲ್ಲಿ ಇರುವುದು ಅವನ ಪಾತ್ರದ ಮಾತು ಒಂದೇ. ಅದನ್ನೂ ಕಸಿದುಕೊಂಡರೆ ಅವನಿಗೆ ಉಳಿಯುವುದೇನು? ಅವನು ಆಡಿದ ಮಾತು ಹಾಗೇ ಇರಲಿ, ಅದು ಬಿದ್ದ ಜಾಗ ಕೆಟ್ಟದ್ದಾಗಿರಲಿ.

"ರಂಗಪ್ಪನೋರ ಹೆಸರು ಹೇಳಿದ್ರೆ ಸಾಕು, ಬಾಗಿಲು ತೆಗೀತಾರೆ ಅಂದ್ರು."

"ಯಾವ ರಂಗಪ್ಪ? ತಾಳಿ ಕಟ್ಟೋ ಹೊತ್ತಿಗೆ ನಮ್ಮ ತಂಗಿ ಮದುವೆ ನಿಲ್ಲಿಸಿ ಓಡಿಹೋದ ರಂಗಪ್ಪನಾ? ಎಲ್ಲವ್ನೆ ಅವನು?"

ಬಾಗಿಲು ತೆರೆಯಲಿಲ್ಲ, ಆದರೆ ಕತೆಯ ಬಾಗಿಲು ತೆರೆಯಿತು. ಕಾವಲಿನವನಿಗೆ ಈಗ ಒಂದು ಅಳಲಿದೆ. ರಂಗಪ್ಪನನ್ನು ಹಿಡಿದು ತಂದುಕೊಡುತ್ತೇವೆ ಎಂದು ಆಟಗಾರರು ಒಪ್ಪಂದ ಮಾಡಿಕೊಳ್ಳಬಹುದು. ನಾಲ್ಕು ವಾರದ ಆಟಕ್ಕೆ ಸಾಕಾಗುವಷ್ಟು ಸರಕು ಒಂದೇ ಸೋಲಿನಿಂದ ಬಂತು.

ಜ್ಞಾನದ ಪರೀಕ್ಷೆಯ ಸೋಲನ್ನು ನಾನು ಪೂರ್ತಿಯಾಗಿ ಆಟಗಾರರಿಗೇ ಬಿಟ್ಟುಕೊಡುತ್ತೇನೆ. ಗವಿಯ ಮುಂದೆ ನಿಂತ ಪಂಡಿತ, ಟ್ರೋಲ್ ಎಂಬ ರಾಕ್ಷಸರ ಬಗ್ಗೆ ತನಗೇನು ಗೊತ್ತು ಎಂದು ದಾಳ ಹಾಕಿ ಒಂದು ಬೀಳಿಸಿಕೊಂಡ ಅನ್ನೋಣ. "ನಿನಗೇನೂ ಗೊತ್ತಿಲ್ಲ" ಅಂದರೆ ಮಾತು ಸತ್ತಿತು. ಬದಲಿಗೆ ಕೇಳಿ: "ನಿನ್ನ ಪಂಡಿತ ಖಂಡಿತ ಸತ್ಯ ಅಂತ ನಂಬಿರೋ ತಪ್ಪು ಮಾಹಿತಿ ಯಾವುದು? ಯಾವ ಪುಸ್ತಕದಲ್ಲಿ ಓದಿದ್ದ?" ಆಟಗಾರನ ಕಣ್ಣು ಮಿನುಗುವುದನ್ನು ಆಗ ನೋಡಬೇಕು. ಉಪ್ಪು ಕಂಡರೆ ಟ್ರೋಲ್ ಕರಗುತ್ತದೆ ಅನ್ನುತ್ತಾನೆ, ಇಡೀ ತಂಡ ಪೇಟೆಗೆ ಹೋಗಿ ಎರಡು ಮೂಟೆ ಉಪ್ಪು ಕೊಳ್ಳುತ್ತದೆ, ಹೊರಲು ಒಂದು ಕತ್ತೆಯೂ ಬರುತ್ತದೆ. ತಮ್ಮ ಪಾತ್ರ ಮೋಸಹೋಗಿದೆ ಎಂದು ಆಟಗಾರರಿಗೆಲ್ಲ ಗೊತ್ತು, ಅದೇ ಖುಷಿ. ನಗುವಿನ ಕೀಲಿ ಅವರ ಕೈಯಲ್ಲೇ ಇರುವುದರಿಂದ ಯಾರಿಗೂ ಅವಮಾನವಿಲ್ಲ.

ಗಮನಿಸುವ ಪರೀಕ್ಷೆಗೆ ಒಂದೇ ಸಾಲು: "ಏನೂ ಕಾಣಲಿಲ್ಲ" ಎಂದು ಯಾವತ್ತೂ ಹೇಳಬೇಡಿ. ಒಂದು ಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಏನೋ ಇದೆ ಎಂದು ಎಲ್ಲರಿಗೂ ಗೊತ್ತು. ಆ ಏನೋ ನೇರವಾಗಿ ಮೈಮೇಲೆ ಬರಲಿ.

ಹಾಕುವ ಮುಂಚೆ ಯೋಚಿಸಿ

ನಗೆಪಾಟಲಿನ ಸೋಲುಗಳಲ್ಲಿ ಅರ್ಧಕ್ಕರ್ಧ ಬರುವುದು ದಾಳವನ್ನು ಹಾಕಲೇಬಾರದಿದ್ದ ಕಡೆ. ನುರಿತ ಸವಾರ ಸಮತಟ್ಟಾದ ದಾರಿಯಲ್ಲಿ ಕುದುರೆ ಓಡಿಸುವುದಕ್ಕೆ ದಾಳ ಹಾಕಿಸಿದರೆ ಇಪ್ಪತ್ತಕ್ಕೊಂದು ಸಲ ಒಂದು ಬಿದ್ದೇ ಬೀಳುತ್ತದೆ, ಅವನನ್ನು ಬೀಳಿಸಬೇಕಾದ ಫಜೀತಿ ನಿಮ್ಮ ತಲೆಗೆ ಬರುತ್ತದೆ. ಕೇಳಿಕೊಳ್ಳಬೇಕಾದ್ದು ಇಷ್ಟೇ: ಸೋತರೆ ಏನಾಗುತ್ತದೆ ಎಂದು ನನಗೆ ಈಗಲೇ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ "ಆಯ್ತು, ಮಾಡಿದೆ" ಎಂದು ಮುಂದೆ ಸಾಗಿ. ರಾಬಿನ್ ಲಾಸ್ ರೂಪಿಸಿದ 'ಗಮ್‌ಶೂ' ಪದ್ಧತಿಯ ಪತ್ತೇದಾರಿ ಆಟಗಳಲ್ಲಿ ಮುಖ್ಯ ಸುಳಿವು ಸಿಗಲು ದಾಳವೇ ಬೇಕಿಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ವಿದ್ಯೆ ಬಳಸಿದರೆ ಸಿಕ್ಕಿಯೇ ಸಿಗುತ್ತದೆ. ಸುಳಿವು ಸಿಗದೆ ಕತೆ ನಿಂತುಹೋದರೆ ಅದರಲ್ಲಿ ಹಾಸ್ಯವೂ ಇಲ್ಲ, ರಹಸ್ಯವೂ ಇಲ್ಲ.

ಬೀಗದ ಮುಂದೆ ಕೂತು "ಮತ್ತೆ ಹಾಕ್ತೀನಿ, ಮತ್ತೆ ಹಾಕ್ತೀನಿ" ಎನ್ನುವವರಿಗೆ ಲ್ಯೂಕ್ ಕ್ರೇನ್‌ನ 'ಬರ್ನಿಂಗ್ ವೀಲ್' ಆಟದಲ್ಲಿ ಒಳ್ಳೆಯ ಮದ್ದಿದೆ: ಒಂದು ಸಲ ಹಾಕಿದ ಮೇಲೆ ಪರಿಸ್ಥಿತಿ ಬದಲಾಗುವವರೆಗೂ ಆ ಫಲಿತಾಂಶವೇ ಅಂತಿಮ. ಇನ್ನು ಒಬ್ಬರು ಸೋತ ಕೂಡಲೇ "ನಾನೂ ಹಾಕ್ತೀನಿ" ಎಂದು ಐದೂ ಜನ ಮುಗಿಬೀಳುವ ಚಾಳಿ. ಐದು ದಾಳಗಳಲ್ಲಿ ಎಲ್ಲಾದರೂ ಒಂದು ಬೀಳುವ ಸಾಧ್ಯತೆ ಶೇಕಡಾ 22ಕ್ಕೂ ಹೆಚ್ಚು. ತಂಡವಾಗಿ ನುಸುಳುವಾಗ ಒಬ್ಬನ ಎಡವಟ್ಟಿಗೆ ಎಲ್ಲರೂ ಸಿಕ್ಕಿಬೀಳುವುದು ಬೇಡ ಎಂದರೆ ಡಿ ಅಂಡ್ ಡಿಯದೇ ಸಾಮೂಹಿಕ ಪರೀಕ್ಷೆ ಬಳಸಿ: ಅರ್ಧದಷ್ಟು ಜನ ಗೆದ್ದರೆ ಎಲ್ಲರೂ ಗೆದ್ದಂತೆ. ಒಂದು ಬಿದ್ದವನ ಕವಚ ಗಲಗಲ ಅಂದದ್ದನ್ನೂ, ಗೆದ್ದವಳು ಅವನ ಬಾಯಿಗೆ ಕೈ ಅಡ್ಡ ಇಟ್ಟು ಎಳೆದೊಯ್ದದ್ದನ್ನೂ ವರ್ಣಿಸಿ. ನಗುವೂ ಬಂತು, ತಂಡವೂ ಪಾರಾಯಿತು.

ಸೋಲನ್ನೇ ಹೂಡಿಕೆ ಮಾಡುವ ಆಟಗಳು

ನಿಮ್ಮ ಬಳಗಕ್ಕೆ ಸೋಲಿನ ತಮಾಷೆಯೇ ಹೆಚ್ಚು ಇಷ್ಟವಾದರೆ ಆಟವನ್ನೇ ಬದಲಾಯಿಸಿ ನೋಡಬಹುದು. ವಿನ್ಸೆಂಟ್ ಬೇಕರ್ ಮತ್ತು ಮೆಗೆ ಬೇಕರ್ ಅವರ 2010ರ 'ಅಪಾಕಲಿಪ್ಸ್ ವರ್ಲ್ಡ್'ನ ವಂಶಕ್ಕೆ ಸೇರಿದ ಆಟಗಳಲ್ಲಿ ಆರು ಮುಖದ ಎರಡು ದಾಳ ಹಾಕುತ್ತಾರೆ. ಹತ್ತು ಅಥವಾ ಹೆಚ್ಚು ಬಿದ್ದರೆ ಪೂರ್ಣ ಗೆಲುವು. ಏಳರಿಂದ ಒಂಬತ್ತು ಬಿದ್ದರೆ ಗೆಲುವಿನ ಜೊತೆಗೊಂದು ತೊಡಕು. ಆರು ಅಥವಾ ಕಡಿಮೆ ಬಿದ್ದರೆ ಆಟ ನಡೆಸುವವನು ಕತೆಯನ್ನು ತನಗೆ ಬೇಕಾದ ಕಡೆ ತಿರುಗಿಸುತ್ತಾನೆ. ಯಾವ ಕೌಶಲವನ್ನೂ ಕೂಡಿಸದಿದ್ದರೆ ಆ ಕೊನೆಯದರ ಸಾಧ್ಯತೆ 36ರಲ್ಲಿ 15, ಅಂದರೆ ಶೇಕಡಾ 42ರ ಹತ್ತಿರ. ಇಷ್ಟೊಂದು ಸೋಲನ್ನು ಯಾರು ಸಹಿಸುತ್ತಾರೆ ಅನ್ನಿಸಬಹುದು. ಈ ವಂಶದ್ದೇ ಆದ 'ಡಂಜನ್ ವರ್ಲ್ಡ್'ನಲ್ಲಿ ಪ್ರತಿ ಸೋಲಿಗೂ ಪಾತ್ರಕ್ಕೆ ಒಂದು ಅನುಭವದ ಅಂಕ ಸಿಗುತ್ತದೆ. ಆಟಗಾರರು ಸೋತ ಕೂಡಲೇ ಪೆನ್ಸಿಲ್ ಎತ್ತಿಕೊಂಡು ಗುರುತು ಹಾಕಿಕೊಳ್ಳುವುದನ್ನು ನೋಡಿದರೆ ಮೇಜಿನ ಹವೆಯೇ ಬೇರೆ ಎಂದು ತಿಳಿಯುತ್ತದೆ. ಈ ಒಂದು ನಿಯಮವನ್ನು ಬೇರೆ ಯಾವ ಆಟಕ್ಕಾದರೂ ಎರವಲು ತರಬಹುದು. ಡಿ ಅಂಡ್ ಡಿಯಲ್ಲಾದರೆ, ಒಂದು ಬಿದ್ದವನು ತನ್ನ ಸೋಲನ್ನು ತಾನೇ ಚೆನ್ನಾಗಿ ವರ್ಣಿಸಿದರೆ ಅವನಿಗೆ ಇನ್‌ಸ್ಪಿರೇಶನ್ ಎಂಬ ಬಹುಮಾನ ಕೊಡಿ.

ಶುದ್ಧ ಪ್ರಹಸನ ಬೇಕೆನ್ನುವವರಿಗೆ 1984ರ 'ಪ್ಯಾರನಾಯ' ಇದೆ. ಹುಚ್ಚು ಕಂಪ್ಯೂಟರ್ ಒಂದು ಆಳುವ ನಗರ. ಸಾಯುವುದು ಖಚಿತವಾದ್ದರಿಂದ ಒಬ್ಬೊಬ್ಬ ಆಟಗಾರನಿಗೂ ಆರು ತದ್ರೂಪಿಗಳ ಪೊಟ್ಟಣ. ಜೇಸನ್ ಮಾರ್ನಿಂಗ್‌ಸ್ಟಾರ್‌ರ 2009ರ 'ಫಿಯಾಸ್ಕೊ'ದಲ್ಲಿ ಆಟ ನಡೆಸುವವನೇ ಇಲ್ಲ. ದುರಾಸೆಯ ಸಣ್ಣ ಮನುಷ್ಯರು ದೊಡ್ಡ ಯೋಜನೆ ಹಾಕಿ ಹಾಳಾಗಿ ಹೋಗುವುದೇ ಅದರ ಕತೆ. ಡಿ ಅಂಡ್ ಡಿಯೊಳಗೇ ಇರಬೇಕೆಂದರೆ ವೈಲ್ಡ್ ಮ್ಯಾಜಿಕ್ ಇರುವ ಮಾಂತ್ರಿಕನ ಪಾತ್ರ ತೆಗೆದುಕೊಳ್ಳಿ. ಅವನ ಮಂತ್ರ ಕೈಕೊಟ್ಟರೆ ಒಂದು ಗಳಿಗೆ ಕುಂಡದ ಗಿಡವಾಗಿ ನಿಲ್ಲಬಹುದು, ಸೀನುವವರೆಗೂ ಗರಿಗಳ ಗಡ್ಡ ಬೆಳೆಯಬಹುದು. ಅಲ್ಲಿ ಆಟಗಾರ ತಾನಾಗಿಯೇ ಆ ಪಾಡನ್ನು ಆರಿಸಿಕೊಂಡಿದ್ದಾನೆ, ಹಾಗಾಗಿ ಕೋಷ್ಟಕಕ್ಕೆ ನನ್ನ ವಿರೋಧವೂ ಇಲ್ಲ.

ಭಯದ ಆಟಗಳಲ್ಲಿ ವಿಷಯ ತಿರುಗುಮುರುಗು. 1981ರಲ್ಲಿ ಬಂದ ಸ್ಯಾಂಡಿ ಪೀಟರ್ಸನ್‌ರ 'ಕಾಲ್ ಆಫ್ ಕ್ತುಲು' ಆಡುವಾಗ ಒಂದು ನಗು ಇಡೀ ಸಂಜೆಯ ಭಯವನ್ನು ತೊಳೆದುಹಾಕುತ್ತದೆ. ಅದರ ಏಳನೆಯ ಆವೃತ್ತಿಯಲ್ಲಿ ಸೋತ ದಾಳವನ್ನು ಇನ್ನೊಮ್ಮೆ ಹಾಕಲು ಅವಕಾಶವಿದೆ, ಆದರೆ ಪಾತ್ರ ಹೊಸದಾಗಿ ಏನಾದರೂ ಮಾಡಬೇಕು, ಮತ್ತೆ ಸೋತರೆ ಘೋರವಾಗುತ್ತದೆ ಎಂಬ ಎಚ್ಚರವಿರುತ್ತದೆ. ನೆಲಮಾಳಿಗೆಯ ಬಾಗಿಲಿಗೆ ಮತ್ತೊಮ್ಮೆ ಭುಜ ಕೊಡುವ ಮುಂಚೆ "ಈ ಸಲ ತೆರೆಯದಿದ್ದರೆ ಒಳಗಿರೋದಕ್ಕೆ ನೀನು ಬಂದಿರೋದು ಗೊತ್ತಾಗುತ್ತೆ" ಎಂದು ತಗ್ಗಿದ ದನಿಯಲ್ಲಿ ಹೇಳಿ ನೋಡಿ. ಯಾರೂ ನಗುವುದಿಲ್ಲ.

ನಗಬಾರದ ಹೊತ್ತು, ನಗಲಾರದ ಆಟಗಾರ

ಡಿ ಅಂಡ್ ಡಿಯಲ್ಲೂ ಅಂಥ ಗಳಿಗೆಗಳು ಬರುತ್ತವೆ. ಒಬ್ಬಳು ಆರು ತಿಂಗಳು ಆಡಿದ ಪಾತ್ರ ಸಾಯುತ್ತಾ ಬಿದ್ದಿದೆ, ಅಥವಾ ಮಗನೊಬ್ಬ ತಂದೆಯ ಚಿತೆಯ ಮುಂದೆ ಮಾತಾಡಲು ನಿಂತಿದ್ದಾನೆ. ಆಗ ಒಂದು ಬಿದ್ದರೆ ಮೊದಲು ಆ ಆಟಗಾರನ ಮುಖ ನೋಡಿ. ಅವನೇ ನಕ್ಕರೆ ನಗಬಹುದು. ಇಲ್ಲವಾದರೆ ಮಾತು ತಡವರಿಸಿತು, ಗಂಟಲು ಕಟ್ಟಿತು, ಹೇಳಬೇಕೆಂದದ್ದು ಹೇಳಲಾಗಲಿಲ್ಲ ಅನ್ನಿ. ಸೋಲು ಸೋಲಾಗಿಯೇ ಇರುತ್ತದೆ, ಆದರೆ ದೃಶ್ಯ ಉಳಿಯುತ್ತದೆ. ಹೊಸಬರಿರುವ ಮೇಜಿನಲ್ಲಿ ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಇಟ್ಟುಕೊಳ್ಳುವುದು ಒಳ್ಳೆಯದು. ಯಾರಿಗಾದರೂ ಇರಿಸುಮುರಿಸಾದರೆ ಆ ಚೀಟಿ ಮುಟ್ಟಿದರಾಯಿತು, ಕಾರಣ ಕೇಳದೆ ಆ ಸಂಗತಿಯನ್ನು ಕೈಬಿಡಬೇಕು. ಪಾತ್ರದ ಬಟ್ಟೆ ಕಳಚಿಬಿತ್ತು ಎನ್ನುವ ಜಾತಿಯ ಜೋಕುಗಳಿಗಂತೂ ಚೀಟಿಗೆ ಕಾಯದೆ ಮೊದಲೇ ಬಾಗಿಲು ಹಾಕಿ.

ಸಂಜೆಯುದ್ದಕ್ಕೂ ಸೋಲುವವನ ಕಷ್ಟ ಇನ್ನೊಂದು ಥರ. ದಾಳಕ್ಕೆ ನೆನಪಿಲ್ಲ, ಸತತ ಮೂರು ಸಲ ಒಂದು ಬೀಳುವುದು ಎಂಟು ಸಾವಿರಕ್ಕೆ ಒಂದು ಸಲದ ಮಾತು, ಆದರೆ ಎರಡು ಸಲ ಬಿದ್ದಾದ ಮೇಲೆ ಮೂರನೆಯದಕ್ಕೆ ಮತ್ತದೇ ಶೇಕಡಾ 5. ಇದನ್ನು ನೊಂದವನಿಗೆ ವಿವರಿಸಿ ಪ್ರಯೋಜನವಿಲ್ಲ. ಕೆಲವರು ಕೈಕೊಟ್ಟ ದಾಳವನ್ನು 'ಜೈಲಿಗೆ' ಹಾಕುತ್ತಾರೆ, ಅದಕ್ಕೆಂದೇ ಪುಟ್ಟ ಪಂಜರಗಳೂ ಮಾರಾಟಕ್ಕಿವೆ. ಕೆಲವರು ಉಪ್ಪುನೀರಿನಲ್ಲಿ ತೇಲಿಬಿಟ್ಟು ದಾಳದ ತೂಕ ಒಂದು ಬದಿಗೆ ವಾಲಿದೆಯೇ ಎಂದು ಪರೀಕ್ಷಿಸುತ್ತಾರೆ. ನಟ ವಿಲ್ ವೀಟನ್‌ಗೆ ಕೆಟ್ಟ ದಾಳ ಎಂಬುದೇ ಒಂದು ಖ್ಯಾತಿ; ಅವರ ಆಟದ ವಿಡಿಯೊಗಳ ಅರ್ಧ ಮಜಾ ಅದರಲ್ಲೇ ಇದೆ. ಆದರೆ ಅವರು ನಟ, ಕ್ಯಾಮೆರಾ ಮುಂದೆ ನಗಿಸುವುದು ಅವರ ಕಸುಬು. ನಿಮ್ಮ ಮೇಜಿನಲ್ಲಿ ಬಾಡಿದ ಮುಖದಲ್ಲಿ ಕೂತ ಹುಡುಗನಿಗೆ ಮಾಡಬೇಕಾದ ಉಪಕಾರ ಬೇರೆ: ದಾಳ ಬೇಕಿಲ್ಲದ ಒಂದು ಗೆಲುವು ಕೊಡಿ. ಅವನ ಪಾತ್ರವನ್ನು ಯಾರೋ ಗುರುತು ಹಿಡಿಯಲಿ, ಹಳೆಯ ಉಪಕಾರ ನೆನೆಯಲಿ, ಮುಖ್ಯವಾದ ಪತ್ರ ಅವನ ಕೈಗೇ ಸೇರಲಿ.

ನಗು ಎಷ್ಟು ಹೊತ್ತು ನಡೆಯಬೇಕು? ಉತ್ತುಂಗದಲ್ಲಿದ್ದಾಗಲೇ "ಈಗ ಏನ್ಮಾಡ್ತೀಯ?" ಎಂದು ಕೇಳಿಬಿಡಬೇಕು. ನಗು ಪೂರ್ತಿ ಇಳಿಯಲು ಬಿಟ್ಟರೆ ಯಾರೋ ಫೋನು ತೆಗೆಯುತ್ತಾರೆ, ಇನ್ಯಾರೋ ಕಾಫಿಗೆ ಏಳುತ್ತಾರೆ.

ಕನ್ನಡದಲ್ಲಿ ಆಟ ನಡೆಸುವವರಿಗೆ ಒಂದು ಹೆಚ್ಚಿನ ಸೌಕರ್ಯವಿದೆ. "ಎಲವೋ ಅಧಮ ರಕ್ಕಸನೇ, ನಿನ್ನ ಆಯುಷ್ಯವಿಂದಿಗೆ ಮುಗಿಯಿತೆಂದು ತಿಳಿ!" ಎಂದು ಪೌರಾಣಿಕ ನಾಟಕದ ಧಾಟಿಯಲ್ಲಿ ಅಬ್ಬರಿಸಿದವನಿಗೆ ಒಂದು ಬಿದ್ದರೆ, ರಕ್ಕಸನಿಂದ "ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ, ಈ ಕಿವಿ ಕೇಳ್ಸಲ್ಲ" ಎಂಬ ಮನೆಮಾತು ಬಂದರೆ ಸಾಕು. ಮಾತಿನ ಎತ್ತರದಿಂದ ಧೊಪ್ಪನೆ ಇಳಿಯುವುದೇ ಹಾಸ್ಯ. ಯಾರೂ ಜಾರಿ ಬೀಳಬೇಕಿಲ್ಲ. ಆದರೆ ಪೆದ್ದ ಪಾತ್ರ ಬಂದಾಗಲೆಲ್ಲ ಅದರ ಬಾಯಿಗೆ ಧಾರವಾಡದ್ದೋ ಮಂಗಳೂರಿನದೋ ಕನ್ನಡ ತುರುಕುವುದು ನಮ್ಮ ಸಿನಿಮಾಗಳ ಹಳೆಯ ಚಟ. ಮೇಜಿನಲ್ಲಿ ಆ ಊರಿನವರೊಬ್ಬರು ಕೂತಿದ್ದರೆ ನಗು ಯಾರ ಮೇಲೆ ಬೀಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ಆಟ ಶುರುವಾಗುವ ಮುಂಚೆಯೇ ತೀರ್ಮಾನಿಸಬೇಕಾದ ಒಂದು ಕ್ಷುಲ್ಲಕ ಸಂಗತಿ: ನೆಲಕ್ಕೆ ಬಿದ್ದ ದಾಳ. 'ಸ್ಟ್ರೇಂಜರ್ ಥಿಂಗ್ಸ್' ಸರಣಿಯ ಮೊದಲ ಕಂತಿನಲ್ಲಿ ವಿಲ್ ಎಂಬ ಹುಡುಗ ಬೆಂಕಿಯುಂಡೆಗಾಗಿ ಹಾಕಿದ ದಾಳ ಮೇಜಿನಿಂದ ಹಾರಿಹೋಗುತ್ತದೆ. ಬೇಕಿದ್ದದ್ದು ಹದಿಮೂರು, ಬಿದ್ದದ್ದು ಏಳು. ಆಟ ನಡೆಸುತ್ತಿದ್ದ ಗೆಳೆಯ ಅದನ್ನು ನೋಡಿರುವುದಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ ಎಂದು ಜೊತೆಗಾರ ವಾದಿಸುತ್ತಾನೆ. ಆದರೂ ಮನೆಗೆ ಹೊರಡುವಾಗ ವಿಲ್ ತಾನಾಗಿಯೇ ನಿಜ ಹೇಳಿಬಿಡುತ್ತಾನೆ. ಎಲ್ಲ ಮೇಜಿಗೂ ಅಂಥ ಸತ್ಯಹರಿಶ್ಚಂದ್ರ ಸಿಗುವುದಿಲ್ಲ. ಸಾಮಾನ್ಯವಾಗಿ ಒಪ್ಪಿಗೆಯಾಗುವ ಕ್ರಮ ಹೀಗಿದೆ: ನೆಲಕ್ಕೆ ಬಿದ್ದರೆ ಎಷ್ಟೇ ಬಿದ್ದಿರಲಿ, ಮತ್ತೆ ಹಾಕುವುದು. ಪುಸ್ತಕಕ್ಕೋ ತಟ್ಟೆಗೋ ಒರಗಿ ಓರೆಯಾಗಿ ನಿಂತರೆ ಅದರ ಮೇಲೆ ಇನ್ನೊಂದು ದಾಳ ಇಟ್ಟು ನೋಡುವುದು. ಮೇಲಿನದು ನಿಂತರೆ ಸಂಖ್ಯೆ ಊರ್ಜಿತ, ಉರುಳಿದರೆ ಮತ್ತೆ ಹಾಕಬೇಕು. ಸೋಫಾದ ಕೆಳಗೆ ಹೋದದ್ದನ್ನು ಹುಡುಕುವುದು ಹಾಕಿದವರದೇ ಜವಾಬ್ದಾರಿ, ಅಲ್ಲಿಯವರೆಗೆ ಪಕ್ಕದವರ ದಾಳ ಎರವಲು ತೆಗೆದುಕೊಳ್ಳಬಹುದು, ಅವರು ಕೊಟ್ಟರೆ.